ಒಟ್ಟಿಗೆ ಮಗುಚಿದ ಹಾಳೆ

ಪ್ರಭಾವತಿ ತಮ್ಮ ಇಂಗ್ಲಿಷ್ ಅನುವಾದದ ಮೊದಲ ಪ್ರತಿಯನ್ನು ಲೈಬ್ರರಿಯ ಕಂಪ್ಯೂಟರ್ ನೋಡಿಕೊಳ್ಳುವ ಸುಧೀರನ ಕೈಗೆ ಕೊಟ್ಟರು. ಪಕ್ಕದಲ್ಲೇ ನಿಂತಿದ್ದ ಅಟೆಂಡರ್ ಕುಷ್ಟನ ಕೈಗಲ್ಲ.

“ಹ್ವಾಯ್ ಕುಷ್ಟಣ್ಣ, ಕಾಣಿ, ನನ್ನ ಹೆಸ್ರ್ ಅಚ್ಚಾಯ್ತ್!” ಸುಧೀರ ಮೊದಲ ಪುಟ ತೋರಿಸಿದ. ಮೂಲದ ಹಳೆಯ ಕಾವ್ಯವನ್ನು ಸ್ಕ್ಯಾನ್ ಮಾಡಿ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯಕ್ಕೆ ಏರಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಕೃತಜ್ಞತೆ. ಕುಷ್ಟ ಅಕ್ಷರ ಕೂಡಿಸಿ ಕೂಡಿಸಿ ತನ್ನ ಹೆಸರು ಹುಡುಕಿದ. ಇರಲಿಲ್ಲ.

“ಚಂದ ಆಯ್ತ್,” ಎಂದ.

ಮೊದಲೆಲ್ಲ ಪ್ರತಿ ಮಂಗಳವಾರ ತ್ರಾಸಿಯಿಂದ ಬಸ್ಸಿನಲ್ಲಿ ಕುಂದಾಪುರದ ಈ ಕಾಲೇಜು ಲೈಬ್ರರಿಗೆ ಬಂದು ಪ್ರಭಾವತಿ ಪುಸ್ತಕ ಕೇಳುತ್ತಿದ್ದುದು ಕುಷ್ಟನನ್ನೇ. ಅವನು ಧೂಳು ಒರೆಸಿ, ಕಣ್ಣಿಗೊತ್ತಿ ಕೊಡುತ್ತಿದ್ದ. ಸ್ಕ್ಯಾನರ್ ಬಂದಾಗಲೇ ಆ ಮಂಗಳವಾರಗಳು ಮುಗಿದವೆಂದು ಅವನಿಗೆ ಗೊತ್ತಾಯಿತು. ಇನ್ನು ಎಲ್ಲ ಸುಧೀರನಿಂದ, ಮೊಬೈಲಿಗೆ.

ಸ್ಕ್ಯಾನ್ ಮಾಡುವಾಗ ಸುಧೀರ ಬಟನ್ ಒತ್ತುತ್ತಿದ್ದ, ಕುಷ್ಟ ಹಾಳೆ ಮಗುಚುತ್ತಿದ್ದ. ಹಸಿದ ಮಗು ಗುಡಿಯ ಬಾಗಿಲಲ್ಲಿ ನಿಂತು ಅಳುವಲ್ಲಿಗೆ ಬಂದಾಗ ಅವನ ಬೆರಳು ಎರಡು ಹಾಳೆಗಳನ್ನು ಒಟ್ಟಿಗೆ ಹಿಡಿಯಿತು; ಅವನು ಬಿಡಿಸಲಿಲ್ಲ. ಸ್ಕ್ಯಾನ್ ಆಗದೆ ಉಳಿದದ್ದು ದೇವಿಯೇ ಹೊರಗೆ ಬಂದು ಉಣಿಸುವ ಪದ್ಯಗಳು. ಇರುವುದು ಇದೊಂದೇ ಪ್ರತಿ. ಪ್ರಭಾವತಿ ಅಮ್ಮ ‘ಕುಷ್ಟಣ್ಣಾ’ ಎಂದು ಓಡಿ ಬಂದೇ ಬರುತ್ತಾರೆ ಎಂದುಕೊಂಡ. ಮೂರು ವರ್ಷ ಕಾದ.

ಈಗ ಪ್ರಭಾವತಿ ಕುಷ್ಟನ ಮುಂದೆ ಪುಸ್ತಕ ಬಿಡಿಸಿ ಒಂದು ಕಡೆ ಬೆರಳಿಟ್ಟರು. ನಾಲ್ಕು ಚುಕ್ಕೆ, ಕೆಳಗೆ ಸಣ್ಣಕ್ಷರದ ಒಂದು ಸಾಲು.

“ಇದೊಂದ್ ಕೊರತೆ ಕಾಣಿ. ಇಲ್ಲಿನ ಪದ್ಯ ಅಳಿದ್ ಹೋಯ್ತ್ ಅಂದ್ಹೇಳಿ ಬರ್ದೆ. ಸುಧೀರನ ಹತ್ರ ಕೇಂಡೆ, ಪುಸ್ತಕವೇ ಹಂಗಿತ್ತ್ ಅಂದ.”

“ಸುಧೀರನ ಹತ್ರ ಕೇಂಡ್ರಿಯಾ?”

“ಮತ್ ಯಾರ ಹತ್ರ ಕೇಂಬುದ್, ಮಾರಾಯ್ರೆ?” ಪ್ರಭಾವತಿ ನಕ್ಕರು. ಆಮೇಲೆ ಮುಖ ಸಣ್ಣದಾಯಿತು. “ಆ ಮಗು ಉಂಡಿತೊ ಇಲ್ಯೊ ಅಂದ್ಹೇಳಿ ಇವತ್ತಿಗೂ ಸಂಕಟ ನಂಗೆ. ಇನ್ ಓದುವರಿಗೆಲ್ಲ ಅದ್ ಬಾಗಿಲಲ್ಲೇ ನಿಂತ್ಕಂಡಿರುದೇ.”

ಸುಧೀರನ ಹೆಸರಿರುವ ಪುಸ್ತಕ, ಹರಕಾದರೆ ಹರಕಾಗಲಿ ಎಂದುಕೊಂಡ ಕುಷ್ಟ. ಆದರೆ ಚಿಕ್ಕಂದಿನಿಂದ ಕಾವ್ಯ ಓದುವ ಜಗಲಿಗಳಲ್ಲಿ ಕೈಮುಗಿದು ಕೂತು ಕೇಳಿದವನು ಅವನು. ಕಥೆಯಲ್ಲಿ ಯಾರಾದರೂ ಅಳುವಲ್ಲಿ ಓದು ನಿಲ್ಲಿಸಬಾರದು, ಕೇಳುವವರೂ ಏಳಬಾರದು ಎಂಬುದು ಅಲ್ಲಿಯ ನೇಮ. ತುಟಿ ತಾನಾಗಿ ಅಲುಗಿತು:

“ಬಾರ ಕಂದನೆ ಹಸಿದೆಯೇನೈ
ದೂರ ನಿಂತೇಕಳುವೆ ನಿನ್ನಯ...”

ಪ್ರಭಾವತಿ ಕನ್ನಡಕ ತೆಗೆದರು. “ಕುಷ್ಟಣ್ಣ, ಇದನ್ನ ಎಲ್ಲ್ ಓದ್ದ್ರಿ?”

ಮೂರು ವರ್ಷದಲ್ಲಿ ಅವರು ಪುಸ್ತಕದ ಬಗ್ಗೆ ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಕುಷ್ಟ ಆ ಹಳೆಯ ಪುಸ್ತಕವಿದ್ದ ಬೀರುವಿಗೆ ಬೆನ್ನು ಒತ್ತಿ ಅಡ್ಡ ನಿಂತ.