ಮೂವತ್ತೆಂಟು ಕಾಗದಗಳು

ಆ ಅಂಕಿ ಕಣ್ಣಿಗೆ ಬಿದ್ದದ್ದೇ ಶೇಷಾದ್ರಿ ಲ್ಯಾಪ್‌ಟಾಪನ್ನು ಅರ್ಧ ಮುಚ್ಚಿದ.

$17,00,00,00,00,000. ಅಮೆರಿಕದ ಫೆಡರಲ್ ಬಜೆಟ್ಟಿನ ಒಂದು ವರ್ಷದ ಕೊರತೆ. ಮೊತ್ತದಲ್ಲಿ ತಪ್ಪಿರಲಿಲ್ಲ. ಆದರೆ ಅಮೆರಿಕದವರು ಮೂರು ಮೂರು ಸೊನ್ನೆಗೊಂದು ಕಾಮಾ ಹಾಕುತ್ತಾರೆ. ಎರಡೆರಡಕ್ಕೆ ಹಾಕುವವರು ಲಕ್ಷ, ಕೋಟಿ ಎಣಿಸಿ ಬೆಳೆದವರು. ಅಂಥವರೊಬ್ಬರು ಆರು ವಾರಗಳಿಂದ ಹರ್ನ್‌ಡನ್ ಊರಿನ ಅವನ ಮನೆಯಲ್ಲೇ ಇದ್ದರು.

"ಮೂವತ್ತೆಂಟು ಕಾಗದ, ಮೂವತ್ತೆಂಟು ಹೆಸರು. ಬರೆದವನು ಮಾತ್ರ ಒಬ್ಬನೇ," ಎಂದಳು ಮೇಲಧಿಕಾರಿ ಕ್ಯಾರೊಲ್, ಅವನ ಮೇಜಿನ ಪಕ್ಕ ನಿಂತು. "ಹೆಸರುಗಳು ನಿಮ್ಮ ಕಡೆಯವರ ಹಾಗಿವೆ. ಯಾರೆಂದು ಪತ್ತೆ ಮಾಡು. ನಾಳೆ ವರದಿ ಬೇಕು."

ಗ್ಯಾಸ್ ಒಲೆಗಳು ಎಷ್ಟು ಇಂಧನ ಉರಿಸಬಹುದು ಎಂಬುದಕ್ಕೆ ಸರ್ಕಾರ ಹೊಸ ನಿಯಮ ತರಲು ಹೊರಟಿತ್ತು. ಅದರ ಬಗ್ಗೆ ಯಾರು ಬೇಕಾದರೂ ಕಾಗದ ಬರೆಯಬಹುದು. ಬಂದದ್ದನ್ನೆಲ್ಲ ಓದಿ ವಿಂಗಡಿಸುವ ಗುತ್ತಿಗೆ ಶೇಷಾದ್ರಿಯ ಕಂಪನಿಯದು. ಒಂದೇ ಧಾಟಿಯ ಕಾಗದಗಳಿದ್ದರೆ ಸಾಫ್ಟ್‌ವೇರ್ ಹಿಡಿಯುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿ, ಪದಗಳನ್ನಷ್ಟೇ ಎತ್ತಿ ತೋರಿಸುತ್ತದೆ. ಪೂರ್ತಿ ಓದಬೇಕೆಂದರೆ ಕಾಗದವನ್ನು ತೆರೆಯಬೇಕು, ತೆರೆದವರ ಹೆಸರು ದಾಖಲಾಗುತ್ತದೆ. ಶೇಷಾದ್ರಿಗೆ ಧೈರ್ಯ ಬರಲಿಲ್ಲ. ಕಮ್ಮಿಂಗ್ ಊರಿನ ಗುರುದತ್, ಏಪೆಕ್ಸ್ ಊರಿನ ಶ್ರೀಲತಾ: ಹೆಸರುಗಳೇ ಸಾಕಾಗಿದ್ದವು. ಇಬ್ಬರೂ ಅವನ ಹೆಂಡತಿ ಹರಿಣಿಯ ಕಾಲೇಜು ಸ್ನೇಹಿತರು.

ಮಾವ ಬಸವಂತಪ್ಪ ವಿದ್ಯುತ್ ಮಂಡಳಿಯ ಲೆಕ್ಕ ವಿಭಾಗದಲ್ಲಿ ನಿವೃತ್ತರಾದವರು. ಊರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆದುಕೊಡುತ್ತಿದ್ದರು. ಸಹಿ ಅವರವರದು, ಒಕ್ಕಣೆ ಇವರದು. ಯಾವ ದೇಶದ್ದಾದರೂ ಸರಿ, ಕೊರತೆ ಬಜೆಟ್ ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ಮಗಳ ಹೆರಿಗೆಗೆಂದು ಬಂದು ಇಲ್ಲಿನ ಟೀವಿ ಸುದ್ದಿಗೆ ಅಂಟಿಕೊಂಡ ಮೇಲಂತೂ ಕೇಳುವುದೇ ಬೇಡ.

"ಒಲೆ ಉರಿ ಎಷ್ಟಿರಬೇಕು ಅಂತ ಹೇಳೋಕೂ ಸರ್ಕಾರ ಬೇಕೇನ್ರೀ? ಅದೂ ಸಾಲ ಮಾಡಿ?" ಎಂದು ಅದೇ ಒಲೆಯ ಮೇಲೆ ಬದನೆಕಾಯಿ ಸುಡುತ್ತಾ ಕೇಳುತ್ತಿದ್ದರು.

ಶೇಷಾದ್ರಿ ಹೊಗೆ ಹೋಗಲೆಂದು ಕಿಟಕಿ ತೆರೆಯುತ್ತಿದ್ದ. ಜಾತಿ ಬೇರೆಯೆಂದು ಮಾವ ಮದುವೆಗೇ ಬಂದಿರಲಿಲ್ಲ. ಮೂರು ವರ್ಷದ ಮೇಲೆ ಮನೆಗೆ ಬಂದವರ ಜೊತೆ ಒಲೆಗಾಗಿ ಜಗಳವಾಡುವಷ್ಟು ದಡ್ಡ ಅವನಲ್ಲ.

ತಿಂಗಳ ಹಿಂದೆ ಊಟಕ್ಕೆ ಕೂತಾಗ ಅವನು ಹರಿಣಿಗೆ ಹೇಳಿದ್ದ: "ಜನರ ಕಾಗದ ಬರೋದೇ ಕಮ್ಮಿ ಆಗಿದೆ. ಹೀಗೇ ಇದ್ರೆ ಟೀಮ್ ಅರ್ಧ ಮಾಡ್ತಾರಂತೆ."

ಅವನ ವೀಸಾದ ಪ್ರಕಾರ ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಹರಿಣಿಗೆ ಆಗ ಏಳು ತಿಂಗಳು. ಅವಳು ಅನ್ನ ಕಲಸುವುದನ್ನು ನಿಲ್ಲಿಸಿದ್ದಳು.

"ಒಳ್ಳೇದೇ ಆಯ್ತು," ಎಂದಿದ್ದರು ಮಾವ. "ಕಾಗದ ಓದೋಕೂ ಸಂಬಳ ಕೊಡ್ತಾ ಕೂತ್ರೆ ಕೊರತೆ ಆಗದೆ ಇನ್ನೇನಾಗುತ್ತೆ?"

ಹರಿಣಿ ತಟ್ಟೆ ಬಿಟ್ಟು ಎದ್ದು ಹೋಗಿದ್ದಳು. ಮರುದಿನದಿಂದ ಮಾವ ಅವಳ ಹಳೆಯ ಲ್ಯಾಪ್‌ಟಾಪ್ ಹಿಡಿದು ಕೂರತೊಡಗಿದರು. ಫೋನಿನಲ್ಲಿ ಯಾರೊಂದಿಗೋ ಮೆಲ್ಲಗೆ ಮಾತು. ಅಳಿಯ ಬಂದರೆ ಮಾತು ನಿಲ್ಲುತ್ತಿತ್ತು.

ಸಂಜೆ ಮನೆಗೆ ಹೋಗುವ ಟೋಲ್ ರೋಡಿನುದ್ದಕ್ಕೂ ಶೇಷಾದ್ರಿ ಅದನ್ನೇ ಲೆಕ್ಕ ಹಾಕುತ್ತಿದ್ದ. ಕಾಗದ ಓದುವವನು ಅಳಿಯ, ಬರೆಯುವವರು ಮಾವ. ಕ್ಯಾರೊಲ್‌ಗೆ ಗೊತ್ತಾದರೆ ಅವತ್ತೇ ಕೆಲಸಕ್ಕೆ ಸಂಚಕಾರ. ಅವನಿಗೆ ನಿಜಕ್ಕೂ ಭಯವಾಗಿತ್ತು. ತಾವು ಒಪ್ಪದ ಅಳಿಯನ ಮೇಲೆ ಮಾವ ಹೀಗೆ ಸೇಡು ತೀರಿಸಿಕೊಂಡರೇ?

ಬಸವಂತಪ್ಪ ಅಡುಗೆಮನೆಯಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿಯುತ್ತಿದ್ದರು. ಹರಿಣಿ ಒಳಗೆ ಮಲಗಿದ್ದಳು.

"ಮಾವ, ಒಲೆ ರೂಲ್ ಬಗ್ಗೆ ಮೂವತ್ತೆಂಟು ಲೆಟರ್ ಬಂದಿದೆ. ಎಲ್ಲಾ ನೀವೇ ಬರೆದಿದ್ದಾ?"

ಅವರು ಕೈ ತೊಳೆದುಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಒಕ್ಕಣೆ ನಂದು. ಹೆಸರು ಅವರವರದ್ದೇ, ಒಬ್ಬೊಬ್ಬರನ್ನೂ ಕೇಳಿಯೇ ಹಾಕಿದ್ದು."

"ನನ್ನ ಕೆಲಸದ ಗತಿ ಏನು ಅಂತ ಒಂದ್ಸಲಾನಾದ್ರೂ ಯೋಚನೆ ಮಾಡಿದ್ರಾ?"

"ದಿನಾ ಅದೇ ಯೋಚನೆ," ಎಂದರು ಬಸವಂತಪ್ಪ.

ಶೇಷಾದ್ರಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು. "ನಾಳೆ ರಿಪೋರ್ಟ್‌ನಲ್ಲಿ ನಿಮ್ಮ ಹೆಸರು ಬರೀಲೇಬೇಕು. ಬರೆದ್ರೂ ಕೆಲಸ ಹೋಗುತ್ತೆ, ಮುಚ್ಚಿಟ್ರೂ ಹೋಗುತ್ತೆ. ಕೊರತೆ, ಸರ್ಕಾರ, ನಿಮ್ಮ ತತ್ತ್ವ... ಇದೆಲ್ಲ ಮಗಳಿಗಿಂತ ದೊಡ್ಡದಾಯ್ತಾ ಮಾವ?"

ಬಸವಂತಪ್ಪನವರ ಮುಖ ಇಳಿಯಿತು. ಕೋಣೆಗೆ ಹೋಗಿ, ದಾರ ಕಟ್ಟಿದ ಫೈಲೊಂದನ್ನು ತಂದು ಮೇಜಿನ ಮೇಲಿಟ್ಟರು. ಇಂಗ್ಲಿಷಿಗೆ ತಿರುಗಿಸಿ ಕಂಪ್ಯೂಟರಿಗೆ ಏರಿಸುವ ಮುನ್ನ ಕನ್ನಡದಲ್ಲಿ ಕೈಯಲ್ಲಿ ಬರೆದುಕೊಂಡ ಪ್ರತಿಗಳು.

"ಇಷ್ಟು ವರ್ಷದಲ್ಲಿ ಎಷ್ಟೋ ಅರ್ಜಿ ಬರೆದಿದ್ದೀನಿ," ಎಂದರು. "ನಾಚಿಕೆ ಬಿಟ್ಟು ಬರೆದಿದ್ದು ಇವನ್ನು ಮಾತ್ರ. ಎಲ್ಲದರಲ್ಲೂ ವಿಷಯ ಒಂದೇ. ಓದಿ."

ಶೇಷಾದ್ರಿ ಮೇಲಿನ ಹಾಳೆಯನ್ನು ಎತ್ತಿಕೊಂಡ.

"ಮಾನ್ಯರೇ, ತಮ್ಮ ಒಲೆ ನಿಯಮ ಬಹಳ ಚೆನ್ನಾಗಿದೆ; ಕೊರತೆ $17,00,00,00,00,000 ಆಗಿದ್ದರೂ ಚಿಂತೆಯಿಲ್ಲ, ಇನ್ನಷ್ಟು ಸಾಲ ಮಾಡಿಯಾದರೂ ಸರಿ, ಈ ಕಾಗದಗಳನ್ನು ಓದುವವರಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆಯಬಾರದಾಗಿ ತಮ್ಮಲ್ಲಿ ಪ್ರಾರ್ಥನೆ."