ಒದ್ದೆ ಪೊರಕೆ

ಆಯುಧಪೂಜೆಯ ಬೆಳಿಗ್ಗೆ ಹಂಪಮ್ಮನ ಬಳಿ ಒಣಗಿದ ಪೊರಕೆ ಒಂದೂ ಇರಲಿಲ್ಲ. ನಾಲ್ಕನ್ನೂ ಅವಳೇ ತೊಳೆದು, ಅರಿಸಿನ ಕುಂಕುಮ ಹಚ್ಚಿ ಪೂಜೆಗೆ ಇಟ್ಟಿದ್ದಳು.

ಉಕ್ಕಿನ ಕಾರ್ಖಾನೆ ಕಲ್ಲಿದ್ದಲು ಬಿಟ್ಟು ಹೈಡ್ರೋಜನ್ ಹಿಡಿದ ಮೇಲೆ ಊರಿಗೆ ಹೊಗೆಯ ಕಾಟ ತಪ್ಪಿತ್ತು. ಆದರೆ ಆ ಅನಿಲಕ್ಕೆ ವಾಸನೆಯಿಲ್ಲ. ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಾಣುವುದಿಲ್ಲ. ಅದಕ್ಕೇ ಪೈಪು ಸೋರಿದಾಗಲೆಲ್ಲ ಹಂಪಮ್ಮ ಉದ್ದ ಕೋಲಿಗೆ ಕಟ್ಟಿದ ಹುಲ್ಲಿನ ಪೊರಕೆ ಚಾಚಿಕೊಂಡು ಮುಂದೆ ನಡೆಯಬೇಕು. ಪೊರಕೆ ಹೊತ್ತಿದಲ್ಲಿ ಎಲ್ಲರೂ ನಿಲ್ಲಬೇಕು. ಹನ್ನೊಂದು ವರ್ಷದಿಂದ ಅದೇ ಅವಳ ಕೆಲಸ.

ಮಂಗಳಾರತಿ ಮುಗಿಯುವ ಮೊದಲೇ ಏಳನೇ ಪೈಪಿನಲ್ಲಿ ಒತ್ತಡ ಇಳಿಯಿತು, ಎಲ್ಲೋ ಸೋರುತ್ತಿತ್ತು.

"ಪೊರಕೆ ಇನ್ನಾ ಹಸಿ ಐತಿ, ತಡಿಯಪ್ಪ," ಅಂದಳು ಹಂಪಮ್ಮ.

"ಈ ಬಿಸಿಲಿಗೆ ದಾರ್‍ಯಾಗೇ ಒಣಗ್ತೈತಿ, ನಡಿಯಕ್ಕ," ಎಂದ ಫಿಟ್ಟರ್ ಯಂಕೋಬ, ಸ್ಪ್ಯಾನರ್ ಹೆಗಲಿಗಿಟ್ಟು. "ಪೊರಕೆ ತಲೆಗೆ ಎರೆದು ಕುಂಕುಮ ಬೇರೆ ಇಟ್ಟೀದಿ. ನನ್ನ ಹೆಂಡ್ತಿಗಿಂತ ಚಂದ ಕಾಣ್ತೈತಿ."

ಹಂಪಮ್ಮನಿಗೂ ನಗು ಬಂತು. ಹೊರಟಳು.

ಮೂರನೇ ಜಾಯಿಂಟಿನ ಹತ್ತಿರ ಪೊರಕೆಯ ತುದಿಯಿಂದ ಹಬೆ ಎದ್ದಿತು. ಬಿಸಿಲಿಗೆ ಒಣಗುತ್ತಿದೆ ಅಂದುಕೊಂಡು ಅವಳು ಕೋಲು ಇಳಿಸಿದಳು.

"ಏನಿಲ್ಲ, ಬಾರಪ್ಪ."

ಯಂಕೋಬ ಅವಳನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋದ. ಅವನ ಅಂಗಿ ಹೊತ್ತಿಕೊಂಡಾಗಲೇ ಉರಿ ಅವಳ ಕಣ್ಣಿಗೆ ಬಿದ್ದದ್ದು. ಅವಳು ಹಸಿ ಪೊರಕೆಯಿಂದಲೇ ಅವನನ್ನು ಬಡಿದಳು, ಅವನು ಕೂಗುವುದು ನಿಲ್ಲುವವರೆಗೂ ಬಡಿದಳು.

ಪೂಜೆಗಿಟ್ಟ ನಾಲ್ಕು ಪೊರಕೆಯೂ ಉಳಿದವು. ಹೋದದ್ದು ಒಬ್ಬ ಮನುಷ್ಯ.