ಬುತ್ತಿ ಕೇಳಿದ ಅಳಿಯ

ಕಡುಬಿನ ಹಿಟ್ಟಿಗೆ ಮೂರನೇ ಹಿಡಿ ಉಪ್ಪು ಹಾಕುವ ಮುಂಚೆ ದ್ರಾಹೊಮಿರಾ ಬಾಗಿಲ ಕಡೆ ಕಳ್ಳನೋಟ ಬೀರಿದಳು. ಯಾರೂ ಇರಲಿಲ್ಲ. ಸುರಿದೇಬಿಟ್ಟಳು.

ಊರ ಚರ್ಚಿನ ಶರತ್ಕಾಲದ ಹಬ್ಬ. ನೆಂಟರ ಊಟ ನಾಳೆ. ಇವತ್ತಿನದು ಹಿನೆಕ್ ಎಂಬ ಒಬ್ಬ ಹುಡುಗನಿಗಾಗಿ. ಯಿತ್ಕಾಳನ್ನು ಕೊಡಿ ಎಂದು ಕೇಳಲು ಬರುತ್ತಿದ್ದಾನೆ. ಕೊಟ್ಟರೆ, ಇರುವ ಒಬ್ಬಳೇ ಮಗಳು ಮೊರಾವಿಯಾ ಬಿಟ್ಟು ದೂರದ ಪಿಲ್ಸೆನ್ ಪಾಲು.

ಹಬ್ಬಕ್ಕೆ ಬಂದವನನ್ನು ಹೊರಗೆ ಹಾಕುವಂತಿಲ್ಲ. ಆದರೆ ಎರಡನೇ ಸಲ ಬಡಿಸಿದ್ದನ್ನು 'ಬೇಡ' ಅಂದವನು ಒಲೆಗೇ ಅವಮಾನ ಮಾಡಿದ ಹಾಗೆ. ಅಂಥವನಿಗೆ ಆ ಸೀಮೆಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ವಾರವಿಡೀ ತಲೆ ಕೆಡಿಸಿಕೊಂಡು ದ್ರಾಹೊಮಿರಾ ಅಡುಗೆ ಗೊತ್ತುಮಾಡಿದ್ದು ಆ ಒಂದು 'ಬೇಡ'ಕ್ಕಾಗಿ. ಚಪ್ಪಲಿಯಷ್ಟು ಗಟ್ಟಿ ಹೆಬ್ಬಾತಿನ ಮಾಂಸ. ಹಲ್ಲು ಚುಳ್ಳೆನ್ನುವ ಹುಳಿ ಎಲೆಕೋಸು. ಸಕ್ಕರೆ ಕಾಣದ ಗಸಗಸೆ ಹೂರಣದ ಸಿಹಿರೊಟ್ಟಿ.

ಕೆಡಿಸುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಹೆಬ್ಬಾತು ಒಣಗದಂತೆ ಅದರ ಮೇಲೆ ಅದರದೇ ಕೊಬ್ಬು ಹೊಯ್ಯಲು ಕೈ ತಾನಾಗಿ ಸೌಟು ಹಿಡಿಯುತ್ತಿತ್ತು. ಎರಡು ಸಲ ಅದನ್ನು ಕಿತ್ತು ಕೆಳಗಿಟ್ಟಳು.

ಗಂಡ ಲುಬೊಮೀರ್ ಒಳಬಂದವನೇ ಹಿಟ್ಟಿನ ಚೂರು ಬಾಯಿಗೆ ಹಾಕಿಕೊಂಡ. ಮೀಸೆ ಅದುರಿತು.

"ಏನ್ರೀ?"

"ಏನಿಲ್ಲ ಕಣೇ. ನಿಮ್ಮಮ್ಮ ನೆನಪಾದ್ರು."

ದ್ರಾಹೊಮಿರಾಳ ಮುಖ ಅರಳಿತು. "ಅಮ್ಮನ ಕೈರುಚಿ ಎಲ್ಲಿ ಬರುತ್ತೆ ಬಿಡಿ. ಮೊದಲನೇ ಸಲ ಬಂದಾಗ ಗುಡ್ಡದಷ್ಟು ಕಡುಬು ತಿಂದು, ಮೇಲಿಂದ ಬುತ್ತಿನೂ ಕೇಳಿದ್ರಿ ನೀವು. ನನ್ನಳಿಯ ನಾನೇ ಆರಿಸಿದ್ದು ಅಂತ ಸಾಯೋವರೆಗೂ ಹೇಳ್ತಿದ್ಳು."

"ಮರೆಯೋ ಊಟನಾ ಅದು!" ಎಂದು ಲುಬೊಮೀರ್ ನೀರಿನ ದೊಡ್ಡ ಹೂಜಿ ಎತ್ತಿಕೊಂಡು ಹೋದ. ಆಮೇಲೆ ಗೇಟಿನ ಹತ್ತಿರ ಹುಡುಗನ ಹೆಗಲ ಮೇಲೆ ಕೈಹಾಕಿ ಏನೋ ಪಿಸುಗುಟ್ಟುತ್ತಿದ್ದುದು ಕಿಟಕಿಯಿಂದ ಕಂಡಿತು. ಪಾಪ, ಸಮಾಧಾನ ಹೇಳುತ್ತಿರಬೇಕು.

ಮೇಜಿನ ಮೇಲೆ ಹೂಜಿ ಹಿನೆಕ್‌ನ ಪಕ್ಕದಲ್ಲೇ ಇತ್ತು. ಮೊದಲ ತುತ್ತಿಗೇ ಅವನ ಕಣ್ಣಲ್ಲಿ ನೀರು ತುಂಬಿತು.

"ಅಮ್ಮಾ, ಈ ಕಡುಬು..." ಯಿತ್ಕಾ ಬಾಯಿ ತೆರೆದಳು.

"ಸುಮ್ನೆ ತಿನ್ನೇ," ಎಂದ ಅಪ್ಪ. ತಾನೂ ತಿನ್ನುತ್ತಿದ್ದ, ಪಳಗಿದವನ ಹಾಗೆ.

"ಇನ್ನೊಂದು ಹಾಕ್ಲೇನಪ್ಪಾ?" ದ್ರಾಹೊಮಿರಾಳ ದನಿ ಜೇನಾಗಿತ್ತು.

"ಎರಡು ಹಾಕಿ," ಎಂದ ಹಿನೆಕ್.

ತಟ್ಟೆ ಖಾಲಿಯಾಯಿತು. ಹೂಜಿಯೂ ಹೆಚ್ಚುಕಡಿಮೆ. ಎದ್ದು ನಿಂತು, ಒರಟಾದ ಗಂಟಲಲ್ಲಿ ಹುಡುಗ ಕೇಳಿದ: "ಅತ್ತೆ, ದಾರಿಗೆ ಒಂಚೂರು ಬುತ್ತಿ ಕಟ್ಟಿಕೊಡ್ತೀರಾ?"

ಅವಳ ಕೈಯಿಂದ ಸೌಟು ಜಾರಿತು. ಹಬ್ಬದ ಬುತ್ತಿಯನ್ನು ಬಾಯಿಬಿಟ್ಟು ಕೇಳಿದವನು ಮನೆಯ ಮಗ. ಅಜ್ಜಿಯ ಕಾಲದ ಮಾತು ಅದು, ಮೀರುವಂತಿಲ್ಲ. ಕಟ್ಟಿಕೊಟ್ಟಳು. ಮಗಳನ್ನೂ ಕೊಟ್ಟ ಹಾಗೇ ಆಯಿತು.

ಹುಡುಗ ಹುಡುಗಿ ಇಬ್ಬರೂ ಗೇಟು ದಾಟಿದ ಮೇಲೆ ಅವಳು ಕುರ್ಚಿಯಲ್ಲಿ ಕುಸಿದಳು. "ನಾಯಿನೂ ಮೂಸ್ತಿರಲಿಲ್ಲ ರೀ ಅದನ್ನ! ಬುತ್ತಿ ಕೇಳೋಕೆ ಯಾರು ಹೇಳ್ಕೊಟ್ರು ಅವನಿಗೆ?"

"ನಾನೇ," ಎಂದ ಲುಬೊಮೀರ್, ಹೂಜಿಯ ತಳದ ನೀರನ್ನು ಲೋಟಕ್ಕೆ ಬಗ್ಗಿಸುತ್ತ. "'ಧೈರ್ಯವಾಗಿ ತಿನ್ನು ಮಗಾ, ಆವತ್ತು ನಮ್ಮತ್ತೆ ನಂಗೆ ಬಡಿಸಿದ ಕಡುಬಲ್ಲಿ ಇದರ ಎರಡರಷ್ಟು ಉಪ್ಪಿತ್ತು' ಅಂದೆ."